ದಾರದಷ್ಟು ಸಣ್ಣ ನೀರು

ಹಳೆಯ ಸಿಂಕ್ ಬಿಚ್ಚುವುದು ನಮ್ಮ ಪ್ಲಂಬಿಂಗ್ ಕಸುಬಿನಲ್ಲಿ ದೊಡ್ಡ ಕೆಲಸವೇನಲ್ಲ. ಕೆಳಗಿನ ವೇಸ್ಟ್ ಪೈಪ್ ಕಳಚಿ, ಕಪ್ಲಿಂಗಿನ ನಟ್ ಸಡಿಲಿಸಿ, ಅಂಚಿನ ಬಿಳಿ ಸಿಮೆಂಟನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊರೆದರೆ ಸಿಂಕ್ ಕೈಗೆ ಬರುತ್ತದೆ. ಒಂದು ಗಂಟೆಯ ಕೆಲಸ ಎಂದುಕೊಂಡೇ ಮೈಸೂರಿನ ಆ ಮನೆಗೆ ಬೆಳಿಗ್ಗೆ ಹತ್ತಕ್ಕೆ ಹೋದೆ. ಹೊರಬಿದ್ದದ್ದು ಸಂಜೆ ಆರಕ್ಕೆ.

ಮನೆಯಲ್ಲಿ ಅಜ್ಜಿ ಒಬ್ಬರೇ. ಕಡಪ ಕಲ್ಲಿನ ಕಟ್ಟೆ, ಅದರಲ್ಲಿ ಕೂರಿಸಿದ್ದ 24 ಇಂಚು ಉದ್ದ, 18 ಇಂಚು ಅಗಲದ ಸ್ಟೀಲ್ ಸಿಂಕ್. ಅದು ಸೋರಿ ಸೋರಿ ಕೆಳಗಿಟ್ಟಿದ್ದ ರಾಗಿ ಡಬ್ಬಿಯ ತಳ ತುಕ್ಕು ತಿಂದಿತ್ತು. ಗೋಡೆಯ ನಲ್ಲಿಯೂ ಬದಲಾಗಬೇಕಿತ್ತು. ಅದು ಅಡ್ಡವಿದ್ದರೆ ಸಿಂಕನ್ನು ಮೇಲೆತ್ತುವುದೂ ಕಷ್ಟ.

ಮೊದಲು ತಾರಸಿಗೆ ಹೋಗಿ ಟ್ಯಾಂಕಿನ ಹಿತ್ತಾಳೆಯ ಗೇಟ್ ವಾಲ್ವ್ ಮುಚ್ಚಿದೆ. ಹಿಡಿ ಬೆಣ್ಣೆಯಂತೆ ತಿರುಗಿತು. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಹಾಗೆ ತಿರುಗಬಾರದು ಎಂದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಕೆಳಗೆ ಬಂದು ನಲ್ಲಿ ತೆರೆದರೆ ದಾರದಷ್ಟು ಸಣ್ಣಗೆ ನೀರು ಇಳಿಯುತ್ತಿತ್ತು. ಪೈಪಿನಲ್ಲಿ ಉಳಿದದ್ದು ಖಾಲಿಯಾಗುತ್ತಿದೆ ಎಂದುಕೊಂಡೆ.

ಈಳಿಗೆ ಮಣೆಯ ಮುಂದೆ ಕ್ಯಾರೆಟ್ ಹೆಚ್ಚುತ್ತಿದ್ದ ಅಜ್ಜಿ, "ಅದು ಯಾವಾಗಲೂ ಅಷ್ಟೇ ಬರುವುದು ಕಣಪ್ಪ" ಎಂದರು.

ಆ ಮಾತನ್ನು ನಾನು ದೂರು ಎಂದು ಕೇಳಿಸಿಕೊಂಡೆ. ಅದು ಸುಳಿವಾಗಿತ್ತು.

ರೆಂಚ್ ಹಾಕಿ ನಲ್ಲಿ ತಿರುಗಿಸಿದೆ. ಅರ್ಧ ಸುತ್ತಿಗೆ ಟಕ್ಕೆಂದಿತು. ಗೋಡೆಯೊಳಗಿನ ಜಿಐ ನಿಪ್ಪಲ್, ಅಂದರೆ ನಲ್ಲಿಯನ್ನು ಪೈಪಿಗೆ ಜೋಡಿಸುವ ಸತು ಲೇಪಿಸಿದ ಕಬ್ಬಿಣದ ಗಿಡ್ಡ ಕೊಳವೆ, ಮುರಿದು ಅರ್ಧ ನಲ್ಲಿಯ ಜೊತೆ ಕೈಗೆ ಬಂತು, ಅರ್ಧ ಒಳಗೇ ಉಳಿಯಿತು. ಮರುಕ್ಷಣ ನೀರು ಎದೆಗೆ ಬಡಿಯಿತು. ದಾರವಲ್ಲ, ಅರ್ಧ ಇಂಚಿನ ಪೂರ್ತಿ ಧಾರೆ. ಹೆಬ್ಬೆರಳೊತ್ತಿ ಹಿಡಿದು, ಟ್ಯಾಂಕಿನೊಳಗಿನ ಬಾಯಿಗೆ ಬಟ್ಟೆ ತುರುಕಲು ಜೊತೆಗಿದ್ದ ಹುಡುಗನನ್ನು ಮೇಲೆ ಓಡಿಸಿದೆ. ಅಷ್ಟರಲ್ಲಿ ಅಜ್ಜಿ ಎದ್ದು ಬಂದು ಒಂದು ಕ್ಯಾರೆಟ್ ನನ್ನ ಕೈಗಿತ್ತರು. ತುದಿಯನ್ನು ತೂತಿಗೆ ತಿರುವಿ ಒತ್ತಿದೆ. ನಿಂತಿತು! ನನ್ನ ಚೀಲದಲ್ಲಿ ಮರದ ಗೂಟ ಇರಬೇಕಿತ್ತು, ಇರಲಿಲ್ಲ.

ಆದದ್ದು ಇಷ್ಟು. ವಾಲ್ವಿನ ಒಳಗೆ ನೀರು ತಡೆಯುವ ಬಿಲ್ಲೆ ಹಿಡಿಯ ಕಡ್ಡಿಯಿಂದ ಕಳಚಿಕೊಂಡಿತ್ತು. ಹಿಡಿ ತಿರುಗುತ್ತಿತ್ತೇ ಹೊರತು ಬಿಲ್ಲೆ ಕೆಳಗಿಳಿಯುತ್ತಿರಲಿಲ್ಲ. ಇತ್ತ ಹಿತ್ತಾಳೆಯ ನಲ್ಲಿಗೆ ಜೋಡಿಸಿದ ಜಿಐ ನಿಪ್ಪಲ್‌ನ ಸತುವಿನ ಲೇಪ ಸವೆದು ಒಳಗೆಲ್ಲ ತುಕ್ಕು ಕಟ್ಟಿತ್ತು. ಹಿತ್ತಾಳೆ, ಕಬ್ಬಿಣ ಎರಡೂ ನೀರಿನಲ್ಲಿ ಕೂಡಿದರೆ ಕಬ್ಬಿಣವೇ ಮೊದಲು ಸಾಯುತ್ತದೆ. ನಾನು ನೋಡಿದ ಸಣ್ಣ ನೀರು ಆ ತುಕ್ಕಿನ ನಡುವೆ ನುಸುಳಿ ಬರುತ್ತಿದ್ದ ಟ್ಯಾಂಕಿನ ನೀರೇ. ಅಂದಿನಿಂದ ವಾಲ್ವ್ ಮುಚ್ಚಿದ ಮೇಲೆ ನಲ್ಲಿಯ ಕೆಳಗೆ ಲೋಟ ಇಟ್ಟು ಕಾಯುತ್ತೇನೆ. ಹನಿಯೂ ನಿಲ್ಲುವವರೆಗೆ ರೆಂಚ್ ಮುಟ್ಟುವುದಿಲ್ಲ.

ಉಳಿದ ದಿನವೆಲ್ಲ ಗೋಡೆಯೊಳಗೆ ಉಳಿದ ನಿಪ್ಪಲ್‌ನ ಆ ಅರ್ಧ ಅಂಗುಲದ ತುಂಡಿಗೇ ಹೋಯಿತು. ಬರಿಯ ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಹಿಡಿದು, ತುಂಡಿನ ಒಳಗೋಡೆಯಲ್ಲಿ ಎರಡು ಗೀರು ಕೊಯ್ದೆ. ಒಂದು ಕೂದಲೆಳೆ ಹೆಚ್ಚಾದರೆ ನಿಪ್ಪಲ್ ಕೂತಿದ್ದ ಎಲ್ಬೋದ, ಅಂದರೆ ಪೈಪಿನ ಬಾಗಿದ ಜೋಡಣೆಯ, ತಿರುಪಿನ ಸುತ್ತು ಹಾಳು, ಆಮೇಲೆ ಟೈಲ್ಸ್ ಒಡೆಯುವುದೇ. ಎರಡು ಗೀರಿನ ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಚಿದಾಗ ತುಂಡು ಸಡಿಲಗೊಂಡು ಕಳಚಿಬಂತು. ಟೈಲ್ಸ್ ಉಳಿಯಿತು. ತಾರಸಿಯಲ್ಲಿ ಬಾಲ್ ವಾಲ್ವ್ ಹಾಕಿದೆ; ಅದರ ಹಿಡಿ ಪೈಪಿಗೆ ಅಡ್ಡವಾಗಿದ್ದರೆ ಮುಚ್ಚಿದೆ ಎಂದು ದೂರದಿಂದಲೇ ಕಾಣುತ್ತದೆ. ಸಿಂಕ್ ಬಿಚ್ಚಿ ಹೊಸದನ್ನು ಕೂರಿಸಿದ್ದು, ಹೇಳಿದೆನಲ್ಲ, ಒಂದೇ ಗಂಟೆ.

ವಾಲ್ವಿನ ಬೆಲೆ ತೆಗೆದುಕೊಂಡೆ, ಮುರಿದದ್ದರ ಕೂಲಿ ಕೇಳಲಿಲ್ಲ. ಅಜ್ಜಿ ಕಾಫಿ ಕೊಟ್ಟು ಹೊಸ ನಲ್ಲಿ ತಿರುಗಿಸಿದರು, ನೀರು ರಭಸದಿಂದ ಸಿಂಕಿಗೆ ಬಿದ್ದು ಸಿಡಿಯಿತು.

"ಇಷ್ಟು ಜೋರಾಗಿ ಬಂದರೆ ಪಾತ್ರೆ ತೊಳೆಯುವಾಗ ಸೀರೆಯೆಲ್ಲ ನೆನೆಯುತ್ತದಲ್ಲಪ್ಪ" ಎಂದರು.