ಬಂಡೆಗೂ ಒಂದು ಮಾತು ಬರೆದವರು

ಡೇವೆಂಟ್ರಿ ಎಂಬ ರಾಜ್ಯದಲ್ಲಿ ಒಂದು ಬಂಡೆ ಇದೆ. ಸರಿಯಾದ ಕಡೆ ನಿಂತು ತಳ್ಳಿದರೆ ಉರುಳಿಹೋಗುತ್ತದೆ, ಅಡಿಯ ಗುಳಿಯಲ್ಲಿ ಒಂದು ಚೂರಿ ಸಿಗುತ್ತದೆ. ಇಳಿಜಾರಿನ ಕೆಳಗೆ ನಿಂತು ತಳ್ಳಿದಿರೋ, ಬಂಡೆ ನಿಮ್ಮ ಮೇಲೇ ಬರುತ್ತದೆ. ಅಲ್ಲಿಗೆ ಆಟ ಮುಗಿಯಿತು. 1984ರಲ್ಲಿ ಸಿಯೆರಾ ಕಂಪನಿಯಿಂದ ರೋಬರ್ಟಾ ವಿಲಿಯಮ್ಸ್ ರೂಪಿಸಿದ ‘ಕಿಂಗ್ಸ್ ಕ್ವೆಸ್ಟ್’ ಎಂಬ ಕಂಪ್ಯೂಟರ್ ಗೇಮಿನ ಬಂಡೆ ಇದು. ಅದಕ್ಕೆ ಮುಖವಿಲ್ಲ, ಹೆಸರಿಲ್ಲ. ಆದರೂ ಆ ಆಟದಲ್ಲಿ ಬರುವ ಎಷ್ಟೋ ಮನುಷ್ಯರಿಗಿಂತ ಅದು ನನಗೆ ಚೆನ್ನಾಗಿ ನೆನಪಿದೆ.

ನಾನು ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು. ಊರು ಸಾಗರ. ‘ಸೀನರಿ ಬಿಡಿಸಿ’ ಅಂದರೆ ನಮ್ಮ ಮಕ್ಕಳು ಏನು ಬಿಡಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು: ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ದಡದಲ್ಲೊಂದು ಗುಡಿಸಲು, ತೆಂಗಿನಮರ. ಮನುಷ್ಯ ಇದ್ದರೆ ಕೊನೆಯಲ್ಲಿ ಸೇರಿಸಿದ ಕಡ್ಡಿಯಂಥವನೊಬ್ಬ. ಅವನಿಗೂ ಆ ನದಿಗೂ ಏನೂ ಸಂಬಂಧ ಇರುವುದಿಲ್ಲ. ಹಿನ್ನೆಲೆ ಬೇರೆ, ಪಾತ್ರ ಬೇರೆ ಅನ್ನುವ ಈ ಅಭ್ಯಾಸ ದೊಡ್ಡವರಾದ ಮೇಲೂ ಹೋಗುವುದಿಲ್ಲ. ಹವ್ಯಾಸಿಗಳು ಮಾಡಿದ ಕೆಲವು ಫ್ಯಾಂಟಸಿ ಸಾಹಸದ ಆಟಗಳನ್ನು ನಾನು ಇಷ್ಟು ಹಚ್ಚಿಕೊಂಡಿರುವುದೇ ಅವು ಈ ಗೋಡೆಯನ್ನು ಒಡೆದಿವೆ ಅನ್ನುವ ಕಾರಣಕ್ಕೆ. ಅವುಗಳಲ್ಲಿ ಸೀನರಿ ಕೂಡ ಒಂದು ಪಾತ್ರ.

ಮೊದಲ ಕಿಂಗ್ಸ್ ಕ್ವೆಸ್ಟ್ ತಯಾರಾದ ಬಗೆ ಕೇಳಿದರೆ ಚಿತ್ರ ಬಿಡಿಸುವವರಿಗೆ ಖುಷಿಯಾಗುತ್ತದೆ. ಬಣ್ಣ ಇದ್ದದ್ದು 16. ಚಿತ್ರವನ್ನು ಚಿತ್ರವಾಗಿ ಇಟ್ಟುಕೊಳ್ಳುವಷ್ಟು ಜಾಗ ಆಗಿನ ಫ್ಲಾಪಿಯಲ್ಲಿ ಇರಲಿಲ್ಲ. ಹಾಗಾಗಿ ‘ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಜಾಗಕ್ಕೆ ಹಸಿರು ತುಂಬು’ ಎಂಬ ಆಜ್ಞೆಗಳ ಸಾಲಾಗಿ ಅದನ್ನು ಬರೆದಿಟ್ಟಿದ್ದರು. ಕಣ್ಣಿಗೆ ಕಾಣುವ ಚಿತ್ರದ ಹಿಂದೆ ಇನ್ನೊಂದು ಅಡಗಿದ ಚಿತ್ರವಿತ್ತು. ಯಾವ ಮರ ಎಷ್ಟು ಮುಂದಿದೆ, ಯಾವುದು ಎಷ್ಟು ಹಿಂದಿದೆ ಅನ್ನುವ ಲೆಕ್ಕ ಅದರಲ್ಲಿ. ಅದರಿಂದಲೇ ನಾಯಕ ಗ್ರಹಾಂ ಮರದ ಹಿಂದೆ ಹೋದರೆ ಮರೆಯಾಗುತ್ತಿದ್ದ, ಮುಂದೆ ಬಂದರೆ ಮರವೇ ಅವನ ಹಿಂದಾಗುತ್ತಿತ್ತು. ಆ ಕಾಲಕ್ಕೆ ಇದು ದೊಡ್ಡ ಹೊಸತನ. ಪಾತ್ರ ಸೀನರಿಯ ಒಳಗೆ ಕಾಲಿಟ್ಟದ್ದು ಅಲ್ಲಿ.

ಇದೇ ಆಟವನ್ನು 2001ರಲ್ಲಿ ಅಭಿಮಾನಿಗಳು 256 ಬಣ್ಣಗಳಲ್ಲಿ ಹೊಸದಾಗಿ ಮಾಡಿ ಪುಕ್ಕಟೆಯಾಗಿ ಹಂಚಿದರು. ಆಗ ಅವರ ತಂಡದ ಹೆಸರು ಟಿಯೆರಾ, ಆಮೇಲೆ ಎಜಿಡಿ ಇಂಟರ್‌ಆಕ್ಟಿವ್ ಆಯಿತು. ಶುರುವಿನಲ್ಲಿ ಇದರ ಹಿಂದಿದ್ದ ಇಬ್ಬರು ಸ್ವಂತ ಹೆಸರು ಹಾಕಿಕೊಳ್ಳದೆ ‘ಅನಾನಿಮಸ್ ಗೇಮ್ ಕ್ರಿಯೇಟರ್’ ಅಂತಷ್ಟೇ ಹೇಳಿಕೊಂಡಿದ್ದರು. ದುಡ್ಡೂ ಬೇಡ, ಹೆಸರೂ ಬೇಡ ಅಂತ ಕೂತು ಅಷ್ಟು ಮರ, ಅಷ್ಟು ಎಲೆ ಬಿಡಿಸಿದವರ ಬಗ್ಗೆ ನನಗಿರುವ ಗೌರವ ದೊಡ್ಡದು.

ಆ ಆಟಗಳಲ್ಲಿ ಒಂದು ಕಣ್ಣಿನ ಐಕಾನ್ ಇರುತ್ತದೆ. ಅದನ್ನು ಹಿಡಿದು ಯಾವುದನ್ನಾದರೂ ಕ್ಲಿಕ್ ಮಾಡಿ: ಬಾವಿ, ಬೇಲಿ, ಹೊಗೆಗೂಡು, ಮೋಡ. ನಿರೂಪಕ ಅದರ ಬಗ್ಗೆ ಏನಾದರೂ ಹೇಳುತ್ತಾನೆ. ಕಣ್ಣಿನ ಬದಲು ಕೈಯ ಐಕಾನ್ ಹಿಡಿದರೆ ಬೇರೆ ಮಾತು, ಬಾಯಿಯ ಐಕಾನ್ ಹಿಡಿದರೆ ಇನ್ನೊಂದು. ಯಾರಾದರೂ ಕೂತು ಅಷ್ಟನ್ನೂ ಬರೆಯಲೇಬೇಕು. ಕಥೆಗೆ ಬೇಕಾದ ವಸ್ತುಗಳಿಗೆ ಮಾತ್ರ ಮಾತು ಬರೆದು ಮಿಕ್ಕಿದ್ದಕ್ಕೆಲ್ಲ ‘ವಿಶೇಷ ಏನಿಲ್ಲ’ ಅಂತ ಒಂದೇ ಉತ್ತರ ಅಂಟಿಸಿದರೂ ಆಟ ನಡೆಯುತ್ತದೆ. ಆದರೆ ಅಂಥ ಆಟದಲ್ಲಿ ಸೀನರಿ ಕಂಪನಿ ನಾಟಕದ ಪರದೆಯ ಹಾಗೆ ಹಿಂದೆ ನೇತಾಡುತ್ತಿರುತ್ತದೆ, ಅಷ್ಟೇ. ಹವ್ಯಾಸಿಗಳಿಗೆ ಬಿಡುಗಡೆಯ ಗಡುವು ಹಾಕುವವರಿಲ್ಲ, ಸಂಬಳದ ಲೆಕ್ಕ ಕೇಳುವವರಿಲ್ಲ. ಅದಕ್ಕೇ ಇರಬೇಕು, ಅವರಲ್ಲಿ ಒಳ್ಳೆಯವರು ಯಾರೂ ಕ್ಲಿಕ್ ಮಾಡದ ಬಂಡೆಗೂ ಒಂದು ಮಾತು ಬರೆದಿಟ್ಟಿರುತ್ತಾರೆ.

ಅದೇ ತಂಡ 2002ರಲ್ಲಿ ಕಿಂಗ್ಸ್ ಕ್ವೆಸ್ಟ್ ಎರಡನೇ ಭಾಗವನ್ನು ಹೊರತಂದಾಗ ಬರೀ ಬಣ್ಣ ಬದಲಿಸಿ ಸುಮ್ಮನಾಗಲಿಲ್ಲ. 1985ರ ಮೂಲದಲ್ಲಿ ಡ್ರಾಕುಲನ ಕೋಟೆ ಬರುತ್ತದೆ. ಶವಪೆಟ್ಟಿಗೆಯಲ್ಲಿ ಮಲಗಿದವನ ಎದೆಗೆ ಗೂಟ ಬಡಿದು ಮುಂದೆ ನಡೆಯುವುದು, ಅಷ್ಟೇ ಅಲ್ಲಿನ ಕೆಲಸ. ಹೊಸ ಆಟದಲ್ಲಿ ಡ್ರಾಕುಲ ಇಲ್ಲ, ಕಾಲ್ಡೌರ್ ಎಂಬ ಕೌಂಟ್ ಇದ್ದಾನೆ. ಅವನೂ ರಕ್ತಪಿಶಾಚಿಯೇ, ಆದರೆ ಅವನಿಗೊಂದು ಸಂಸಾರವಿದೆ, ಕಳೆದುಕೊಂಡದ್ದರ ನೋವಿದೆ. ಅವನ ಪಾತ್ರ ಬದಲಾದ ಕೂಡಲೇ ಕೋಟೆಯೂ ಬದಲಾಯಿತು. ಹೆದರಿಸಲೆಂದೇ ಇದ್ದ ಕಲ್ಲುಗಳು ಒಬ್ಬನ ಮನೆಯ ಕಲ್ಲುಗಳಾದವು. ಒಬ್ಬ ಪಾತ್ರಧಾರಿಯನ್ನು ಹೊಸದಾಗಿ ಬರೆದರೆ ಅವನು ನಿಂತ ಜಾಗವೂ ಬೇರೆ ಬೆಳಕಿನಲ್ಲಿ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅವರು ಮಾಡಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ 2008ರ ‘ಕ್ವೆಸ್ಟ್ ಫಾರ್ ಗ್ಲೋರಿ’ ಎರಡನೇ ಭಾಗ. ಇದರ ಮೂಲ ಲೋರಿ ಮತ್ತು ಕೋರಿ ಕೋಲ್ ದಂಪತಿ 1990ರಲ್ಲಿ ಮಾಡಿದ ಆಟ. ಸರಣಿಯ ಮೊದಲ ಭಾಗವನ್ನು ಸಿಯೆರಾ ಕಂಪನಿಯೇ 1992ರಲ್ಲಿ 256 ಬಣ್ಣಗಳಲ್ಲಿ ಮರುಸೃಷ್ಟಿ ಮಾಡಿತ್ತು, ಎರಡನೆಯದು ಮಾತ್ರ ಹಾಗೇ ಉಳಿದಿತ್ತು. ಆ ಖಾಲಿ ಜಾಗವನ್ನು ಅಭಿಮಾನಿಗಳು ತುಂಬಿದರು.

ಕಥೆ ನಡೆಯುವುದು ಮರಳುಗಾಡಿನ ಎರಡು ನಗರಗಳಲ್ಲಿ, ಶಪೇರ್ ಮತ್ತು ರಸೇರ್. ಶಪೇರ್‌ನಲ್ಲಿ ಒಂದು ಛತ್ರದಂಥ ತಂಗುಮನೆ ಇದೆ. ನಡೆಸುವವರು ಶಮೀನ್ ಮತ್ತು ಶೇಮಾ ಎಂಬ ಗಂಡಹೆಂಡತಿ. ಇಬ್ಬರೂ ಕಟ್ಟಾ ಎಂಬ ಬೆಕ್ಕಿನ ಕುಲದವರು. ಅಲ್ಲಿ ಮೇಜು ಕುರ್ಚಿಯ ದರ್ಬಾರಿಲ್ಲ, ನೆಲದ ದಿಂಬಿನ ಮೇಲೆ ಕೂರಬೇಕು. ಶಮೀನ್ ಬಂದು ಆದರದಿಂದ ಮಾತಾಡಿಸುತ್ತಾನೆ. ಹೊರಗೆ ಬಂದರೆ ಚೌಕ, ಕಾರಂಜಿ, ಅಂಗಡಿಯವರ ಕೂಗು, ಆಮೇಲೆ ಒಂದಕ್ಕೊಂದು ಸುತ್ತಿಕೊಂಡ ಕಿರುಗಲ್ಲಿಗಳು. ಗಲ್ಲಿಗಳಲ್ಲಿ ದಾರಿ ತಪ್ಪದೇ ಇರುವುದೇ ಕಷ್ಟ. ಮರುಸೃಷ್ಟಿ ಮಾಡಿದವರು ಬೇಕಿದ್ದವರಿಗೆ ಹಳೆಯ ಜಟಿಲ ಗಲ್ಲಿಗಳನ್ನೂ, ಸುಸ್ತಾದವರಿಗೆ ಸರಳ ಗಲ್ಲಿಗಳನ್ನೂ ಕೊಟ್ಟಿದ್ದಾರೆ. ಜಟಿಲವಾದದ್ದನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ದಾರಿ ತಪ್ಪಿದಾಗಲೇ ಆ ಊರು ನಿಮಗೆ ಪರಿಚಯವಾಗುವುದು.

ಬಹಳ ಹೊತ್ತಿನ ನಂತರ ರಸೇರ್ ತಲುಪುತ್ತೀರಿ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತದೆ. ನೋಡಿದ್ದು ಹೌದು, ರಸೇರ್ ಅಂದರೆ ಶಪೇರ್ ನಗರವನ್ನೇ ಕನ್ನಡಿಯಲ್ಲಿ ಎಡಬಲ ತಿರುಗಿಸಿಟ್ಟದ್ದು. ಆದರೆ ಇಲ್ಲಿ ಕಾರಂಜಿಯಲ್ಲಿ ನೀರಿಲ್ಲ. ಚೌಕದಲ್ಲಿ ಕಾವಲಿನವರು, ಜನರ ದನಿಯಲ್ಲಿ ಅಳುಕು. ಬೆಕ್ಕಿನ ಕುಲದವರು ಒಬ್ಬರೂ ಕಾಣುವುದಿಲ್ಲ, ಅವರನ್ನು ಊರಿಂದ ಓಡಿಸಿದ್ದಾರೆ. ಶಮೀನ್, ಶೇಮಾ ಇಲ್ಲಿಂದಲೇ ಜೀವ ಉಳಿಸಿಕೊಂಡು ಹೋದವರು. ನಿಮ್ಮನ್ನು ದಿಂಬಿನ ಮೇಲೆ ಕೂರಿಸಿ ಉಪಚರಿಸಿದವರ ದುಃಖವನ್ನು ಆಟ ಬಾಯಿಮಾತಿನಲ್ಲಿ ಹೇಳುವುದು ಸ್ವಲ್ಪವೇ. ಒಣಗಿದ ಕಾರಂಜಿಯ ಎದುರು ನಿಂತಾಗ ಅದು ನಿಮಗೆ ಪೂರ್ತಿ ತಿಳಿಯುತ್ತದೆ. ಊರೇ ಪಾತ್ರವಾಗುವುದು ಅಂದರೆ ಇದು.

ಹೀಗೆ ಹಳೆಯದನ್ನು ಮತ್ತೆ ಮಾಡುವುದೊಂದೇ ಹವ್ಯಾಸಿಗಳ ಕೆಲಸವಲ್ಲ. ಕ್ರಿಸ್ಟಲ್ ಶಾರ್ಡ್ ಎಂಬ ತಂಡ 2013ರಲ್ಲಿ ‘ಹೀರೋಯಿನ್ಸ್ ಕ್ವೆಸ್ಟ್’ ಅಂತ ಸ್ವಂತ ಕಥೆಯ ಆಟ ಮಾಡಿ ಪುಕ್ಕಟೆ ಕೊಟ್ಟಿತು. ಉತ್ತರ ಯುರೋಪಿನ ನಾರ್ಸ್ ಪುರಾಣದ ಲೋಕ ಅದು. ರಾಗ್ನರಾಕ್ ಎಂಬ ಪ್ರಳಯಕ್ಕೆ ಮುಂಚೆ ಬರುವ ಮುಗಿಯದ ಚಳಿಗಾಲ, ಪ್ರಳಯವನ್ನು ಬರಮಾಡಿಕೊಳ್ಳಲು ಕಾದಿರುವ ದೈತ್ಯ, ನಡುವೆ ನಾಯಕಿ. ಅವಳು ಯೋಧೆಯೋ, ಮಾಂತ್ರಿಕಳೋ, ಕಳ್ಳಿಯೋ ಅನ್ನುವುದು ಆಡುವವರ ಆಯ್ಕೆ. ಇಲ್ಲಿ ಹಿಮ ಬರೀ ಬಿಳಿ ಬಣ್ಣವಾಗಿ ಉಳಿದಿಲ್ಲ. ಹೊರಗೆ ಅಲೆಯುತ್ತಿದ್ದಷ್ಟೂ ಚಳಿ ಅವಳ ಶಕ್ತಿಯನ್ನು ತಿನ್ನುತ್ತದೆ, ಹೊಟ್ಟೆಗೂ ಬೀಳಬೇಕು. ಹಾಗಾಗಿ ದೂರದಲ್ಲಿ ಒಂದು ದೀಪದ ಕಿಟಕಿ ಕಂಡರೆ ನಾನು ಅದನ್ನು ಚಂದ ಅಂತ ನೋಡುವುದಿಲ್ಲ, ಸದ್ಯ ಬದುಕಿದೆ ಅಂತ ನೋಡುತ್ತೇನೆ.

ಇಂಥ ಬಹಳಷ್ಟು ಆಟಗಳು ಹುಟ್ಟಿದ್ದು ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ ಎಂಬ ಉಚಿತ ಸಾಧನದಲ್ಲಿ. ಇಂಗ್ಲೆಂಡಿನ ಕ್ರಿಸ್ ಜೋನ್ಸ್ 1997ರಲ್ಲಿ ಇದರ ಮೊದಲ ರೂಪ ಹೊರತಂದರು. ಅದನ್ನು ಬಳಸುವುದು ಹೇಗೆ ಅಂತ ನನಗೆ ತೋರಿಸಿಕೊಟ್ಟವಳು ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು. ಈಗ ನಾವಿಬ್ಬರೂ ಸೇರಿ ಒಂದು ಸಣ್ಣ ಆಟ ಮಾಡುತ್ತಿದ್ದೇವೆ. ಕೆರೆಯ ನೀರನ್ನು ಯಕ್ಷನೊಬ್ಬ ಕದ್ದೊಯ್ದಿದ್ದಾನೆ, ನೀರಗಂಟಿಯ ಮಗಳು ಹುಡುಕಿಕೊಂಡು ಹೊರಡುತ್ತಾಳೆ. ಸೀನರಿ ನನ್ನದು, ಪಾತ್ರಗಳು ಅವಳದು.

ಕೆಲಸ ನಡೆಯುವುದು ಹೀಗೆ. ನಾನು ಕಾರ್ಟ್ರಿಜ್ ಹಾಳೆಯ ಮೇಲೆ ವಾಟರ್‌ಕಲರ್‌ನಲ್ಲಿ ಕೆರೆ ಏರಿ ಬಿಡಿಸಿ ಸ್ಕ್ಯಾನ್ ಮಾಡುತ್ತೇನೆ. ಅವಳು ಅದನ್ನು 320 ಅಡ್ಡ 200 ಪಿಕ್ಸೆಲ್‌ಗೆ ಇಳಿಸುತ್ತಾಳೆ. ಅಷ್ಟು ಚಿಕ್ಕದಾದಾಗ ನನ್ನ ಹುಲ್ಲಿನ ಎಳೆಗಳೆಲ್ಲ ಮಾಯ. ನೆರಳು ಬೆಳಕಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ, ಆಮೇಲೆ ಒಂದೊಂದು ಪಿಕ್ಸೆಲ್ ತಿದ್ದಬೇಕು. ಅದಾದ ಮೇಲೆ ಚಿತ್ರದ ಮೇಲೇ ಬೇರೆ ಬೇರೆ ಬಣ್ಣ ಬಳಿದು ಹೇಳಿಕೊಡಬೇಕು: ಇಲ್ಲಿ ಅವಳು ನಡೆಯಬಹುದು, ಈ ಮರದ ಹಿಂದೆ ಮರೆಯಾಗಬೇಕು, ದೂರ ಹೋದಷ್ಟೂ ಚಿಕ್ಕವಳಾಗಬೇಕು. ಹುಡುಗಿಯ ಎತ್ತರ ನಲವತ್ತು ಪಿಕ್ಸೆಲ್ ಆಸುಪಾಸು. ಮುಖಕ್ಕೆ ಸಿಗುವುದು ಬೆರಳೆಣಿಕೆಯ ಚುಕ್ಕೆ, ಅದರಲ್ಲಿ ಕಣ್ಣು ಮೂಗು ಬಾಯಿ ಬಿಡಿಸುವ ಆಸೆ ಬಿಟ್ಟು ನಡಿಗೆಯಲ್ಲೇ ಸ್ವಭಾವ ತರಬೇಕು. ಇವಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ, ಹೆಜ್ಜೆ ಹಾಕುವಾಗ ಜಡೆ ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ಆ ಜಡೆಯಿಂದಲೇ ಅವಳು ಹಟಮಾರಿ ಅಂತ ಗೊತ್ತಾಗುತ್ತದೆ.

ಮೊದಲ ಸಲ ಹುಡುಗಿಯನ್ನು ಏರಿಯ ಮೇಲೆ ನಿಲ್ಲಿಸಿದ ದಿನ ಅಕ್ಕನ ಮಗಳು ಸ್ಕ್ರೀನನ್ನೇ ನೋಡುತ್ತ ಹೇಳಿದಳು: “ಮಾವ, ಇವಳು ನೆಲದ ಮೇಲೆ ನಿಂತಿಲ್ಲ, ನೆಲದ ಮುಂದೆ ನಿಂತಿದಾಳೆ.”

ಎಷ್ಟೋ ಹವ್ಯಾಸಿ ಆಟಗಳ ದೊಡ್ಡ ತೊಡಕು ಇದೇ. ಹಿನ್ನೆಲೆ ಒಬ್ಬರ ಕೈ, ಪಾತ್ರ ಇನ್ನೊಬ್ಬರ ಕೈ. ಎರಡೂ ಬಿಡಿಯಾಗಿ ಚೆನ್ನಾಗಿರುತ್ತವೆ, ಕೂಡಿಸಿದರೆ ಪಾತ್ರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಪಾದದಡಿ ಒಂದು ತೆಳುವಾದ ನೆರಳು ಬೇಕು. ಲಂಗದ ಅಂಚಿಗೆ ಆ ಏರಿಯ ಕೆಮ್ಮಣ್ಣಿನ ಬಣ್ಣವೇ ಸ್ವಲ್ಪ ತಾಗಬೇಕು. ಹಿನ್ನೆಲೆಯಲ್ಲಿ ಬೆಳಕು ಎಡದಿಂದ ಬರುತ್ತಿದ್ದರೆ ಅವಳ ಎಡಗೆನ್ನೆಯ ಒಂದು ಪಿಕ್ಸೆಲ್ ತಿಳಿಯಾಗಬೇಕು. ಗ್ರಹಾಂನ ಕೆಂಪು ಅಂಗಿ, ನೀಲಿ ಟೋಪಿ ಯಾಕೆ ಅಷ್ಟು ಚೆನ್ನಾಗಿ ಕೂರುತ್ತವೆ ಅಂದರೆ ಡೇವೆಂಟ್ರಿ ತುಂಬ ಹಸಿರು. ಆ ಹಸಿರಿನಲ್ಲಿ ಅವನು ಕಳೆದುಹೋಗುವುದಿಲ್ಲ, ಹೊರಗಿನವನಾಗಿಯೂ ಕಾಣುವುದಿಲ್ಲ. ನಮ್ಮ ಕೆಮ್ಮಣ್ಣಿನ ಏರಿಗೆ ಹುಡುಗಿಯ ಲಂಗ ಗಿಳಿಹಸಿರು ಅಂತ ತೀರ್ಮಾನವಾಯಿತು.

ಏರಿಯ ಕೊನೆಯಲ್ಲಿ ನಾನೊಂದು ವೀರಗಲ್ಲು ಬಿಡಿಸಿದ್ದೆ. ನಮ್ಮ ಸೀಮೆಯಲ್ಲಿ ಕೆರೆ, ಗದ್ದೆಯಂಚು ಎಲ್ಲಿ ನೋಡಿದರೂ ಒಂದಾದರೂ ಇರುತ್ತದಲ್ಲ. ಜಾಗ ಖಾಲಿ ಕಾಣಬಾರದು ಅಂತ ಇಟ್ಟದ್ದು, ಕಥೆಗೂ ಅದಕ್ಕೂ ಏನೂ ಇರಲಿಲ್ಲ. “ಇದಕ್ಕೆ ಏನು ಬರೀಲಿ?” ಅಂದಳು. ಹಳೇ ಕಲ್ಲು ಅಂತ ಬರಿ ಸಾಕು ಅಂದೆ. ಅವಳು ಒಪ್ಪಲಿಲ್ಲ. ಭಾನುವಾರ ನನ್ನನ್ನೇ ಎಬ್ಬಿಸಿ ಬೈಕಿನಲ್ಲಿ ಹೊರಡಿಸಿಕೊಂಡು ಹೋಗಿ ನಿಜವಾದ ವೀರಗಲ್ಲಿನ ಮುಂದೆ ಕೂತು ನೋಡಿದಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯ ಚಂದ್ರ. ಮನೆಗೆ ಬಂದು ಆ ಕಲ್ಲನ್ನು ಆಟದಲ್ಲಿ ಮೂರು ಭಾಗ ಮಾಡಿದಳು. ಕೆಳಗೆ ಕ್ಲಿಕ್ ಮಾಡಿದರೆ ವೀರ ಆ ದಿನದ ಜಗಳದ ಕಾರಣ ಹೇಳುತ್ತಾನೆ, ನಡುವೆ ಮುಟ್ಟಿದರೆ ಅಪ್ಸರೆಯೊಬ್ಬಳು ‘ಭಾರ ಇದ್ದಾನಪ್ಪ ಇವನು’ ಅನ್ನುತ್ತಾಳೆ, ಮೇಲೆ ಮುಟ್ಟಿದರೆ ವೀರನೇ ‘ಕೆರೆಯಲ್ಲಿ ನೀರಿದೆಯೇನಮ್ಮ?’ ಅಂತ ಹುಡುಗಿಯನ್ನು ಕೇಳುತ್ತಾನೆ.

ಆ ಕೊನೆಯ ಪ್ರಶ್ನೆಯಿಂದ ನಮ್ಮ ಕಥೆಯೇ ತಿರುಗಿಬಿಟ್ಟಿತು. ಅವನು ಸತ್ತದ್ದೇ ಈ ಕೆರೆ ಉಳಿಸಲು ಅಂತ ಈಗ ಆಗಿದೆ. ಯಕ್ಷನ ಗುಹೆಗೆ ದಾರಿ ತೋರಿಸುವವನೂ ಅವನೇ. ಒತ್ತಕ್ಷರಗಳು ಸರಿಯಾಗಿ ಕೂರಲಿ ಅಂತ ಅವನ ಮಾತುಗಳನ್ನು ನಾನು ಕೈಬರಹದಲ್ಲಿ ಬರೆದು ಚಿತ್ರವಾಗಿ ಸೇರಿಸುತ್ತಿದ್ದೇನೆ. ತೂಬಿನ ಕಲ್ಲಿಗೆ, ಏರಿಯ ಮೇಲಿನ ಹೊಂಗೆಮರಕ್ಕೆ, ಒಣಗಿದ ಕೆಸರಿನಲ್ಲಿ ಸಿಕ್ಕಿಕೊಂಡ ದೋಣಿಗೆ ಇನ್ನೂ ಮಾತು ಬರೆಯುವುದಿದೆ. ದೋಣಿಯದು ನಾನು ಬರೆಯುತ್ತೇನೆ ಅಂದಿದ್ದೇನೆ. ಅವಳು ಇನ್ನೂ ಹ್ಞೂಂ ಅಂದಿಲ್ಲ.