ಆಸಿಡ್, ಬ್ಲೀಚಿಂಗ್ ಮತ್ತು ನಮ್ಮ ಮಳೆಗಾಲ

ಕಾರವಾರದಲ್ಲಿ ಕಡಲಿಗೆ ಹತ್ತಿರದ ಲಾಡ್ಜೊಂದರಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ನೀರಿಗೆ ನಲ್ಲಿಯ ಸುತ್ತ ಬಿಳಿ ಕರೆ ಕಟ್ಟುತ್ತದೆ, ಅದಕ್ಕೆ ಆಸಿಡ್. ಮಳೆಗಾಲದಲ್ಲಿ ಗೋಡೆಗೆಲ್ಲ ಬೂಷ್ಟು, ಅದಕ್ಕೆ ಬ್ಲೀಚಿಂಗ್ ಪೌಡರ್. ಎರಡೂ ಒಂದೇ ಬಾತ್‌ರೂಮಿಗೆ ಒಟ್ಟಿಗೆ ಹೋದರೆ ಫಜೀತಿ.

ಬ್ಲೀಚಿಂಗ್‌ಗೆ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಂಗಡಿಯ ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಹೆಚ್ಚಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ಡೇ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ನೆಲ ಉಜ್ಜುವವರ ಮೂಗು ಎಲ್ಲಿರುತ್ತದೆ ಹೇಳಿ? ಬಾಗಿಲಲ್ಲಿ ನಿಂತ ನನಗೆ ವಾಸನೆ ಬರುವ ಹೊತ್ತಿಗೆ ಅವರ ಕಣ್ಣು ಉರಿಯುತ್ತಿರುತ್ತದೆ. ಮೇಲಾಗಿ ಜುಲೈನಲ್ಲಿ ಇರಚಲು ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತೇವೆ. ಹಾಗಾಗಿ ನಮ್ಮಲ್ಲಿ ಆಸಿಡ್ ಒಂದು ದಿನ, ಬ್ಲೀಚಿಂಗ್ ಇನ್ನೊಂದು ದಿನ. ನಡುವೆ ಧಾರಾಳ ನೀರು. ಎಕ್ಸಾಸ್ಟ್ ಫ್ಯಾನ್ ಹಾಕದೆ ಬಕೆಟ್ ಒಳಗೆ ಹೋಗುವಂತಿಲ್ಲ.

ಬ್ಲೀಚಿಂಗ್ ಪೌಡರ್ ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ನಮ್ಮೂರಲ್ಲಿ ತೇವಕ್ಕೇನು ಬರ! ಆಗ ಜನ ಸುಮ್ನೆ ಎರಡು ಪಟ್ಟು ಸುರಿಯುತ್ತಾರೆ. ಡಬ್ಬಿಯ ಮುಚ್ಚಳ ಬಿಗಿ ಮಾಡಿದರೆ ಮುಗಿಯಿತು ಅಲ್ವಾ?

ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಗೆ ತುಂಬುವುದನ್ನಂತೂ ನಿಲ್ಲಿಸಿದ್ದೇನೆ. ತೆಳು ಮಾಡಬೇಕಿದ್ದರೆ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಇಲ್ಲವಾದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯಬಹುದು. ಕಣ್ಣಿಗೆ ಬಿದ್ದರೆ 15 ನಿಮಿಷವಾದರೂ ನೀರು ಹೊಯ್ಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ.

ಮಾಲೀಕರು ರಬ್ಬರ್ ಗ್ಲೌಸ್ ಕೊಡಿಸಿದ್ದಾರೆ. ಕಣ್ಣಿನ ಕನ್ನಡಕ ಮುಂದಿನ ತಿಂಗಳಂತೆ.