ಹಳೆ ಲ್ಯಾಪ್‌ಟಾಪ್ ತಟ್ಟನೆ ಆರಿಹೋಗುತ್ತಿದ್ದರೆ, ಬ್ಯಾಟರಿ ಕೊಳ್ಳುವ ಮುನ್ನ

ಐದಾರು ವರ್ಷ ದುಡಿದ ಲ್ಯಾಪ್‌ಟಾಪ್ ಕೆಲಸದ ನಡುವೆ ಆರಿಹೋದರೆ ಹೆಚ್ಚಿನವರು ಮೊದಲು ಮಾಡುವುದು ಹೊಸ ಬ್ಯಾಟರಿಗೆ ಆರ್ಡರ್ ಹಾಕುವುದು. ಬ್ಯಾಟರಿ ಬಂದು ಕೂತ ಮೇಲೂ ಮೆಷಿನ್ ಹಾಗೇ ಆರುತ್ತಿರುತ್ತದೆ, ಏಕೆಂದರೆ ದೋಷ ಇದ್ದದ್ದು ಫ್ಯಾನಿನಲ್ಲಿ, ಇಲ್ಲವೇ ಚಾರ್ಜರ್ ಪಿನ್ನಿನಲ್ಲಿ. ಲ್ಯಾಪ್‌ಟಾಪ್ ಹೇಗೆ ಆರುತ್ತದೆ ಎಂಬುದನ್ನು ಗಮನವಿಟ್ಟು ನೋಡಿದರೆ ಕಾರಣ ಎಲ್ಲಿದೆ ಎಂಬುದು ಬಹುಪಾಲು ತಿಳಿದುಬಿಡುತ್ತದೆ. ಅದಕ್ಕೆ ಒಂದು ಸಂಜೆ ಬೇಕು, ಹಣ ಬೇಕಿಲ್ಲ.

ಮೊದಲ ಪ್ರಶ್ನೆ: ಚಾರ್ಜರ್ ಸಿಕ್ಕಿಸಿದ್ದಾಗಲೂ ಆರುತ್ತದೆಯೇ, ಬ್ಯಾಟರಿಯ ಮೇಲಿದ್ದಾಗ ಮಾತ್ರವೇ? ಬ್ಯಾಟರಿಯ ಮೇಲೆ ಮಾತ್ರ, ಅದೂ ಶೇ. 20 ಅಥವಾ 30 ತೋರಿಸುತ್ತಿರುವಾಗಲೇ ಪರದೆ ಕಪ್ಪಾಗಿ, ಚಾರ್ಜರ್ ಹಾಕಿದ ಕೂಡಲೇ ಏಳುತ್ತಿದ್ದರೆ ದೋಷ ಬ್ಯಾಟರಿಯದೇ. ಚಾರ್ಜರ್ ಇದ್ದಾಗಲೂ ಆರುತ್ತದೆ, ವಿಡಿಯೊ ಕಾಲ್ ಶುರುವಾಗಿ ಹತ್ತು-ಹದಿನೈದು ನಿಮಿಷಕ್ಕೆ ಆರುತ್ತದೆ, ತಳ ಸುಡುತ್ತಿರುತ್ತದೆ, ತಕ್ಷಣ ಬಟನ್ ಒತ್ತಿದರೆ ಏಳದೆ ತಣಿದ ಮೇಲೆ ಏಳುತ್ತದೆ ಎಂದರೆ ಅದು ಬಿಸಿಯ ಕೆಲಸ. ವಯರ್ ಸ್ವಲ್ಪ ಅಲುಗಿದಾಗ ಚಾರ್ಜಿಂಗ್ ದೀಪ ಮಿಣುಗುಟ್ಟಿದರೆ ಜ್ಯಾಕ್ ಅಥವಾ ಅಡಾಪ್ಟರ್. ಮನೆಯ ಕರೆಂಟು ಅರೆಕ್ಷಣ ಹೋಗಿ ಬಂದದ್ದಕ್ಕೇ ಆರಿಹೋದರೆ ಬ್ಯಾಟರಿ ಹೆಸರಿಗಷ್ಟೇ ಒಳಗಿದೆ, ಮೆಷಿನ್ ನಡೆಯುತ್ತಿರುವುದು ಅಡಾಪ್ಟರ್ ಒಂದರ ಮೇಲೆ ಎಂದರ್ಥ.

ಇನ್ನೊಂದು ವಿಷಯವನ್ನು ಇಲ್ಲೇ ತಳ್ಳಿಹಾಕಿಬಿಡಿ. ಆರಿದ್ದು ನಿಜಕ್ಕೂ ಶಟ್‌ಡೌನೋ, ನಿದ್ದೆಯೋ (ಸ್ಲೀಪ್)? ಮುಚ್ಚಳ ಮುಚ್ಚಿತೆಂದು ಗೊತ್ತುಮಾಡಿಕೊಳ್ಳಲು ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅಯಸ್ಕಾಂತ ಮತ್ತು ಸೆನ್ಸರ್ ಇರುತ್ತವೆ. ಮ್ಯಾಗ್ನೆಟ್ ಇರುವ ಫೋನ್ ಕವರ್ ಕೀಬೋರ್ಡಿನ ಅಂಚಿನಲ್ಲಿಟ್ಟರೂ ಪರದೆ ಆರುತ್ತದೆ. ಬಟನ್ ಒತ್ತಿದಾಗ ತೆರೆದಿಟ್ಟ ಕಿಟಕಿಗಳೆಲ್ಲ ಹಾಗೆಯೇ ಮರಳಿದರೆ ಅದು ನಿದ್ದೆ; ಬ್ಯಾಟರಿಯನ್ನು ದೂರಬೇಡಿ.

ಈಗ ಮೆಷಿನ್ ಸ್ವತಃ ಬರೆದಿಟ್ಟ ದಾಖಲೆ ನೋಡೋಣ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಅಡಿಯಲ್ಲಿ ಸಿಸ್ಟಮ್ ಎಂಬುದನ್ನು ಒತ್ತಿ, ಆರಿದ ಸಮಯಕ್ಕೆ ಇಳಿಯಿರಿ. ಕರ್ನಲ್-ಪವರ್ ಹೆಸರಿನ 41ನೇ ನಂಬರಿನ ದಾಖಲೆ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಅದನ್ನೇ ರೋಗವೆಂದು ಹುಡುಕಾಡುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ಕ್ರಮವಾಗಿ ಮುಚ್ಚಲಿಲ್ಲ. ಕೆಲಸಕ್ಕೆ ಬರುವುದು ಅದರ ಡೀಟೇಲ್ಸ್ ಪುಟ. ಅಲ್ಲಿ ಬಗ್‌ಚೆಕ್‌ಕೋಡ್ ಸೊನ್ನೆ ಇದ್ದರೆ ವಿಂಡೋಸ್‌ಗೆ ದೋಷ ಬರೆದಿಡಲೂ ಪುರುಸೊತ್ತು ಸಿಕ್ಕಿಲ್ಲ, ಸಾಮಾನ್ಯವಾಗಿ ವಿದ್ಯುತ್ತೇ ಕಡಿದಿದೆ. ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಅದು ನೀಲಿ ಪರದೆಯ ದೋಷ. ಡ್ರೈವರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಅದೇ ಕರ್ನಲ್-ಪವರ್‌ನಿಂದ 86 ಬಂದಿದ್ದರೆ ಬಿಸಿ ಮಿತಿಮೀರಿ ಮುಚ್ಚಿದೆ. 524 ಇದ್ದರೆ ಬ್ಯಾಟರಿ ಕನಿಷ್ಠ ಮಟ್ಟ ಮುಟ್ಟಿದ್ದು ವಿಂಡೋಸ್‌ಗೆ ತಿಳಿದಿತ್ತು. 1074 ಇದ್ದರೆ ಯಾವುದೋ ಪ್ರೋಗ್ರಾಂ, ಹೆಚ್ಚಾಗಿ ಅಪ್‌ಡೇಟ್, ತಾನೇ ಮುಚ್ಚಿಸಿದೆ. ಲಿನಕ್ಸ್‌ನಲ್ಲಿ ಜರ್ನಲ್‌ಸಿಟಿಎಲ್ ಆಜ್ಞೆಯಿಂದ ಹಿಂದಿನ ಬೂಟಿನ ಕೊನೆಯ ಸಾಲುಗಳನ್ನು ತೆಗೆದು ನೋಡಿ. ಸಾಲುಗಳು ಅರ್ಧದಲ್ಲೇ ನಿಂತಿದ್ದರೆ ಅಲ್ಲಿಯೂ ಅದೇ ಅರ್ಥ.

ಬ್ಯಾಟರಿಯ ಲೆಕ್ಕಕ್ಕೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ‘ಪವರ್’ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರಗಳು, ಒಂದು ಜಾಗ, ಮುಂದಕ್ಕೆ ಬಾಗಿದ ಓರೆಗೆರೆ, ಅದಕ್ಕಂಟಿ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದ, ಹೀಗೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಎಂಟರ್ ಒತ್ತಿದರೆ ವರದಿ ಎಲ್ಲಿ ಉಳಿಸಿದೆ ಎಂದು ತೋರಿಸುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ಡಿಸೈನ್ ಕೆಪ್ಯಾಸಿಟಿ ಎಂದರೆ ಹೊಸದಿದ್ದಾಗಿನ ಸಾಮರ್ಥ್ಯ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂದರೆ ಈಗ ಉಳಿದದ್ದು. 48,000 ಮಿಲಿವ್ಯಾಟ್-ಅವರ್ ಇದ್ದದ್ದು 21,000ಕ್ಕೆ ಇಳಿದಿದ್ದರೆ ಉಳಿದಿರುವುದು ಶೇ. 44. ಅರ್ಧಕ್ಕಿಂತ ಕೆಳಗಿಳಿದ ಬ್ಯಾಟರಿಯಿಂದ ಏನನ್ನೂ ನಿರೀಕ್ಷಿಸಬೇಡಿ. ಆದರೆ ಶೇ. 70 ಉಳಿದಿದೆ ಎಂದು ತೋರಿಸಿದ ಮಾತ್ರಕ್ಕೆ ಬ್ಯಾಟರಿ ನಿರಪರಾಧಿಯಲ್ಲ. ಅದೇ ವರದಿಯ ರೀಸೆಂಟ್ ಯೂಸೇಜ್ ಪಟ್ಟಿಯಲ್ಲಿ ಶೇಕಡಾವಾರು ಹೇಗೆ ಇಳಿದಿದೆ ನೋಡಿ. 80, 71, 60, 48 ಎಂದು ಮೆಟ್ಟಿಲಿಳಿದದ್ದು 34ರಿಂದ ನೇರ 6ಕ್ಕೆ ಬಿದ್ದಿದ್ದರೆ ಬ್ಯಾಟರಿಯೊಳಗಿನ ಸೆಲ್‌ಗಳಲ್ಲಿ ಒಂದು ಕೈಕೊಟ್ಟಿದೆ.

ಶೇ. 30 ಇದ್ದೂ ಆರುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿಯೇ ಜನ ಹೆಚ್ಚು ಗೊಂದಲಪಡುವುದು. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾದಾಗ 3 ವೋಲ್ಟಿನ ಆಸುಪಾಸು. ಮೂರು ಸೆಲ್ ಸಾಲಾಗಿ ಜೋಡಿಸಿದ ಪ್ಯಾಕ್ ಶೇ. 30ರಲ್ಲಿ ಸುಮ್ಮನಿದ್ದಾಗ 11 ವೋಲ್ಟ್ ಇರುತ್ತದೆ ಎಂದುಕೊಳ್ಳಿ. ಪ್ರೊಸೆಸರ್ ಒಮ್ಮೆ ಟರ್ಬೊಗೆ, ಅಂದರೆ ತಾತ್ಕಾಲಿಕ ಹೆಚ್ಚುವರಿ ವೇಗಕ್ಕೆ, ಜಿಗಿದರೆ ಇಡೀ ಮೆಷಿನ್ 50 ವ್ಯಾಟ್ ಎಳೆಯಬಹುದು, ಅಂದರೆ ನಾಲ್ಕೂವರೆ ಆಂಪಿಯರ್. ಹೊಸ ಪ್ಯಾಕಿನ ಒಳಗಿನ ಪ್ರತಿರೋಧ 0.1 ಓಮ್ ಇದ್ದರೆ ಬೀಳುವುದು ಅರ್ಧ ವೋಲ್ಟಿಗೂ ಕಡಿಮೆ, ಏನೂ ಗೊತ್ತಾಗುವುದಿಲ್ಲ. ಹಳೆಯದಾಗಿ ಆ ಪ್ರತಿರೋಧ 0.4ಕ್ಕೆ ಏರಿದ್ದರೆ 1.8 ವೋಲ್ಟ್ ಬೀಳುತ್ತದೆ, ಉಳಿಯುವುದು 9.2. ವೋಲ್ಟೇಜ್ ಇಳಿದಷ್ಟೂ ಅದೇ 50 ವ್ಯಾಟಿಗಾಗಿ ಕರೆಂಟು ಇನ್ನೂ ಹೆಚ್ಚು ಬೇಕಾಗುತ್ತದೆ, ಆದ್ದರಿಂದ ಕುಸಿತವೂ ಇನ್ನಷ್ಟು. ಮೂರರಲ್ಲಿ ದುರ್ಬಲವಾದ ಸೆಲ್ ಮಿತಿ ದಾಟಿದೊಡನೆ ಪ್ಯಾಕಿನೊಳಗಿನ ರಕ್ಷಣಾ ಸರ್ಕಿಟ್ ಸ್ವಿಚ್ ಕಡಿಯುತ್ತದೆ. ಎಚ್ಚರಿಕೆ ಇಲ್ಲ, ಕೆಲಸ ಉಳಿಸಿಟ್ಟು ಮುಚ್ಚುವ ಹೈಬರ್ನೇಟ್ ಇಲ್ಲ. ಭಾರ ತಪ್ಪಿದಾಗ ವೋಲ್ಟೇಜ್ ಮೇಲೇರುವುದರಿಂದ, ಮತ್ತೆ ಆನ್ ಮಾಡಿದಾಗ ಶೇ. 25 ಇದೆ ಎಂದೇ ತೋರಿಸಬಹುದು. ಚಾರ್ಜ್ ಇದೆ, ಕೊಡುವ ಶಕ್ತಿ ಇಲ್ಲ.

ಇದರಿಂದಲೇ ಒಂದು ತಾತ್ಕಾಲಿಕ ಪರಿಹಾರವೂ ಸಿಗುತ್ತದೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಮೇಲಿದ್ದಾಗಿನ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದೇ ಅಂಕಿ, ಆದರೆ ಸಾಮಾನ್ಯವಾಗಿ ಇಂಟೆಲ್ ಮೆಷಿನ್‌ಗಳಲ್ಲಿ ಟರ್ಬೊ ನಿಲ್ಲಲು ಅಷ್ಟು ಸಾಕು, ಕರೆಂಟಿನ ಆ ಜಿಗಿತ ತಪ್ಪುತ್ತದೆ. ಜೊತೆಗೆ ಕ್ರಿಟಿಕಲ್ ಬ್ಯಾಟರಿ ಮಟ್ಟವನ್ನು ಶೇ. 5ರಿಂದ 20ಕ್ಕೋ 35ಕ್ಕೋ, ನಿಮ್ಮ ಮೆಷಿನ್ ಬೀಳುವ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಏರಿಸಿ, ಕ್ರಿಯೆಯನ್ನು ಹೈಬರ್ನೇಟ್ ಎಂದು ಇಡಿ. ಕೆಲವು ಹೊಸ ಮೆಷಿನ್‌ಗಳಲ್ಲಿ ಈ ಆಯ್ಕೆಗಳು ಕಾಣಸಿಗುವುದಿಲ್ಲ. ಪರೀಕ್ಷೆ ಬರೆಯುವ ಮಕ್ಕಳಿಗೆ, ತಿಂಗಳ ಕೊನೆಯಲ್ಲಿ ಬ್ಯಾಟರಿಗೆ ಹಣ ಹೊಂದಿಸಬೇಕಾದವರಿಗೆ ಇದು ಕೆಲವು ವಾರ ದೂಡಿಸುತ್ತದೆ. ದುರಸ್ತಿಯಲ್ಲ, ಕಾಲಾವಕಾಶ.

ಕ್ಯಾಲಿಬ್ರೇಷನ್ ಬಗ್ಗೆ ಎರಡೇ ಮಾತು. ಪೂರ್ತಿ ತುಂಬಿಸಿ, ಎರಡು ಗಂಟೆ ಹಾಗೇ ಬಿಟ್ಟು, ಆರುವವರೆಗೆ ಬಳಸಿ, ತಣಿದ ಮೇಲೆ ಒಂದೇ ಸಮನೆ ಮತ್ತೆ ತುಂಬಿಸುವುದರಿಂದ ಶೇಕಡಾ ಲೆಕ್ಕ ಸರಿಹೋಗುತ್ತದೆ. ಸಾಮರ್ಥ್ಯ ಮರಳುವುದಿಲ್ಲ, ಪದೇ ಪದೇ ಮಾಡಿದರೆ ಸವೆತವೇ ಹೆಚ್ಚು.

ಥಿಂಕ್‌ಪ್ಯಾಡ್ ಟಿ480 ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಒಂದು ಮಾತು. ಅದರಲ್ಲಿ ಎರಡು ಬ್ಯಾಟರಿ: ಒಳಗೆ 24 ವ್ಯಾಟ್-ಅವರ್‌ನದು, ಹಿಂದೆ ಕಳಚಬಹುದಾದದ್ದು. ಮೊದಲು ಖರ್ಚಾಗುವುದು ಹಿಂದಿನದು. ಅದು ಮುಗಿಯುವ ಹೊತ್ತಿಗೆ, ಅಥವಾ ಅದನ್ನು ಕಳಚಿದ ಕೂಡಲೇ ಮೆಷಿನ್ ಆರಿದರೆ ಹೊಸ ಹಿಂಬದಿ ಬ್ಯಾಟರಿ ಕೊಳ್ಳಬೇಡಿ, ಸತ್ತಿರುವುದು ಒಳಗಿನದು. ವರದಿಯಲ್ಲಿ ಎರಡರ ಲೆಕ್ಕವೂ ಬೇರೆ ಬೇರೆ ಇರುತ್ತದೆ. ಬಿಚ್ಚುವ ಮೊದಲು ಬಯೋಸ್‌ನ (ಮೆಷಿನ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಕಾನ್ಫಿಗ್, ಪವರ್ ಭಾಗದಲ್ಲಿ ಒಳ ಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಇದೆ, ಅದನ್ನು ಮರೆಯಬಾರದು.

ಇನ್ನು ಬಿಸಿ. ಹೆಚ್ಚಿನ ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸಮೀಪಿಸಿದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ವೇಗ ಇಳಿಸಿದರೂ ತಣಿಯದಿದ್ದಾಗ ಮಾತ್ರ ಮೆಷಿನ್ ಕಡಿಯುತ್ತದೆ, ಅಂದರೆ ತಂಪು ಮಾಡುವ ವ್ಯವಸ್ಥೆ ಪೂರ್ತಿ ಸೋತಿದೆ. ಬಿಸಿ ಎಷ್ಟಿದೆ ಎಂದು ತೋರಿಸುವ ಎಚ್‌ಡಬ್ಲ್ಯುಇನ್ಫೊ ಪ್ರೋಗ್ರಾಂ ಹಾಕಿಕೊಂಡು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ನೋಡಿ. 75ರಿಂದ 90ರ ನಡುವೆ ನಿಂತರೆ ಹಳೆ ಮೆಷಿನ್‌ಗೆ ತೊಂದರೆಯಿಲ್ಲ. ಕೆಲವೇ ಸೆಕೆಂಡಿನಲ್ಲಿ 98 ಮುಟ್ಟಿದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ (ಬಿಸಿ ಹೀರುವ ಲೋಹದ ಭಾಗ) ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ನಿಧಾನವಾಗಿ ಏರುತ್ತಾ ಹೋದರೆ ಗಾಳಿಯ ದಾರಿ ಕಟ್ಟಿದೆ. ಈ ವ್ಯತ್ಯಾಸ ಗೊತ್ತಿದ್ದರೆ ಅನಗತ್ಯವಾಗಿ ಎಲ್ಲವನ್ನೂ ಬಿಚ್ಚಬೇಕಾಗಿಲ್ಲ.

ಹೊರಗಿನಿಂದ ಬ್ಲೋವರ್ ಊದುವುದು ಅರ್ಧ ಕೆಲಸ. ಧೂಳು ಕೂರುವುದು ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ, ಕಂಬಳಿಯ ತುಂಡಿನಂತೆ ಒತ್ತಾಗಿ. ಫ್ಯಾನ್ ಎತ್ತದೆ ಅದು ಬರುವುದಿಲ್ಲ. ಪಿಎಚ್0 (ಸಣ್ಣ ಪ್ಲಸ್ ತುದಿಯ) ಸ್ಕ್ರೂಡ್ರೈವರ್, ಹಳೆಯ ಪ್ಲಾಸ್ಟಿಕ್ ಕಾರ್ಡು, ಮೃದುವಾದ ಬ್ರಷ್ ಸಾಕು. ತಳ ತೆರೆದೊಡನೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಬಿಟ್ಟರೆ ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚೊತ್ತಿದ್ದರೆ ಬಿಗಿಯುವುದು ಆ ಕ್ರಮದಲ್ಲಿ, ಸಡಿಲಿಸುವುದು 4ರಿಂದ 1ರ ಹಿಮ್ಮುಖ ಕ್ರಮದಲ್ಲಿ. ಹಳೆ ಪೇಸ್ಟನ್ನು ಶೇ. 99ರ ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸದನ್ನು ಚಿಪ್ಪಿನ ಮೈ ಪೂರ್ತಿ ಮುಚ್ಚುವಂತೆ ತೆಳುವಾಗಿ ಹರಡಿ. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದನ್ನೇ ಹಾಕಿ. ಅರ್ಧ ಮಿಲಿಮೀಟರ್ ಇದ್ದಲ್ಲಿ ಒಂದು ಮಿಲಿಮೀಟರ್ ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರಿಗೇ ತಾಗದೆ, ಮೊದಲಿಗಿಂತ ಕೆಟ್ಟದಾಗುತ್ತದೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಚಾರ್ಜರ್ ಹಾಕಿದರೂ ‘ಚಾರ್ಜ್ ಆಗುತ್ತಿಲ್ಲ’ ಎಂದು ಬರುವುದುಂಟು. ಸಾಮಾನ್ಯ ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿಯವರೆಗೆ ಮಾತ್ರ ಚಾರ್ಜ್ ಮಾಡಬೇಕು. ಕೋಣೆಯೇ 40 ದಾಟಿದ್ದಾಗ ಪ್ಯಾಕ್ ಆ ಮಿತಿ ಮುಟ್ಟುವುದು ಸುಲಭ. ತಣಿದ ಮೇಲೆ ತಾನೇ ಶುರುವಾದರೆ ಕೆಟ್ಟಿರುವುದು ಏನೂ ಇಲ್ಲ. ಹಾಸಿಗೆ ಮೇಲಿಟ್ಟು ಬಳಸುವುದನ್ನು ಬಿಡಿ.

ಅಡಾಪ್ಟರ್ ಪರೀಕ್ಷೆಯಲ್ಲಿ ಮಲ್ಟಿಮೀಟರ್ ಅರ್ಧ ಸತ್ಯ ಹೇಳುತ್ತದೆ. 19.5 ವೋಲ್ಟಿನ ಅಡಾಪ್ಟರ್ ಬರಿಗೈಯಲ್ಲಿ 19.5 ತೋರಿಸಿ, ಭಾರ ಬಿದ್ದಾಗ ಕುಸಿಯಬಹುದು. ಅದೇ ರೇಟಿಂಗಿನ ಇನ್ನೊಂದನ್ನು ಒಂದು ದಿನಕ್ಕೆ ಎರವಲು ತಂದು ಹಾಕಿ ನೋಡುವುದೇ ಮೇಲು. 65 ವ್ಯಾಟಿನ ಜಾಗಕ್ಕೆ 45 ವ್ಯಾಟಿನದು ಬೇಡ. ಡೆಲ್ ಅಡಾಪ್ಟರಿನ ನಡುವಿನ ಸಣ್ಣ ಪಿನ್ ಲ್ಯಾಪ್‌ಟಾಪ್‌ಗೆ ಅಡಾಪ್ಟರಿನ ಗುರುತು ಹೇಳಲು ಇರುವುದು. ಅದು ಬಾಗಿದರೆ ಮೆಷಿನ್ ನಡೆಯುತ್ತದೆ, ಆದರೆ ಬ್ಯಾಟರಿ ತುಂಬುವುದಿಲ್ಲ, ಪ್ರೊಸೆಸರ್ ತೆವಳುತ್ತದೆ. ಯುಎಸ್‌ಬಿ-ಸಿ ಆದರೆ ಕೇಬಲ್ಲನ್ನೂ ಅನುಮಾನಿಸಿ: 65 ವ್ಯಾಟ್ ಎಂದರೆ 20 ವೋಲ್ಟಿನಲ್ಲಿ 3.25 ಆಂಪಿಯರ್, ಸಾಧಾರಣ ಕೇಬಲ್ಲಿನ ಮಿತಿ 3 ಆಂಪಿಯರ್. 5 ಆಂಪಿಯರ್ ಕೇಬಲ್ ಬೇಕು. ದುಂಡು ಪಿನ್ನಿನ ಜ್ಯಾಕ್ ಸಡಿಲವಾಗಿದ್ದರೆ ಹೆದರಬೇಡಿ, ಅನೇಕ ಮಾದರಿಗಳಲ್ಲಿ ಅದು ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ, ವಯರ್ ಸಮೇತ ಬದಲಿಸುವ ಬಿಡಿಭಾಗ.

ಬ್ಯಾಟರಿಯೇ ಎಂದು ಖಚಿತವಾದ ಮೇಲೆ ಕೊಳ್ಳುವುದರಲ್ಲಿ ಜಾಣತನ ಬೇಕು. ಲ್ಯಾಪ್‌ಟಾಪ್ ಹೆಸರಿನಿಂದ ಹುಡುಕಬೇಡಿ, ಹಳೆ ಬ್ಯಾಟರಿಯ ಮೇಲಿನ ಪಾರ್ಟ್ ನಂಬರಿನಿಂದ ಹುಡುಕಿ. 10.8 ಮತ್ತು 11.1 ವೋಲ್ಟ್ ಎರಡೂ ಮೂರು ಸೆಲ್ಲಿನ ಸಾಲೇ, ನಡೆಯುತ್ತದೆ, 14.8 ನಾಲ್ಕರದು, ಬೇಡವೇ ಬೇಡ. ಎಂಎಎಚ್ ಅಂಕಿಯನ್ನು ವೋಲ್ಟಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ ನೋಡಿ: 4,400 ಎಂಎಎಚ್, 10.8 ವೋಲ್ಟ್ ಎಂದರೆ 47.5 ವ್ಯಾಟ್-ಅವರ್. ಲೇಬಲ್ಲಿನ ಅಂಕಿಗಳು ಪರಸ್ಪರ ಹೊಂದದಿದ್ದರೆ ಸರಕು ನಂಬಬಾರದು. ಆರು ದುಂಡು ಸೆಲ್ಲಿನ ಪ್ಯಾಕ್ ಆದರೆ ಅಡುಗೆಮನೆಯ ತಕ್ಕಡಿಯಲ್ಲಿಡಿ. ಒಂದೊಂದು ಸೆಲ್ಲೇ ಸುಮಾರು 45 ಗ್ರಾಂ, ಅಂದರೆ ಸೆಲ್‌ಗಳೇ 270 ಗ್ರಾಂ; ಪ್ಲಾಸ್ಟಿಕ್ ಸೇರಿಯೂ ಅದಕ್ಕಿಂತ ಹಗುರವಿದ್ದರೆ ಮೋಸ. ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತಿನ ಜೊತೆ ಇರುವ ಆರ್ ಅಕ್ಷರದ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಯಾರಕರ ಹೆಸರು ತಾಳೆ ನೋಡಬಹುದು. ತಯಾರಿಕೆಯ ದಿನಾಂಕವೂ ಮುಖ್ಯ. ಕಪಾಟಿನಲ್ಲಿ ಐದು ವರ್ಷ ಕೂತ ಒರಿಜಿನಲ್ ಕೂಡ ಮುದಿಯಾಗಿರುತ್ತದೆ. ಹಾಕಿದ ದಿನವೇ ಬ್ಯಾಟರಿ ವರದಿ ತೆಗೆದು, ಎರಡೂ ಸಾಮರ್ಥ್ಯಗಳು ಹತ್ತಿರವಿಲ್ಲದಿದ್ದರೆ ವಾಪಸಿನ ಅವಧಿಯೊಳಗೇ ಹಿಂತಿರುಗಿಸಿ.

ಹಳೆ ಪ್ಯಾಕ್ ಸೀಳಿ ಸೆಲ್ ಬದಲಿಸಿ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಒಳಗಿನ ಚಿಪ್ ಹಳೆ ಸವೆತದ ಲೆಕ್ಕವನ್ನೇ ನೆನಪಿಟ್ಟುಕೊಂಡಿರುತ್ತದೆ, ಅನೇಕ ಪ್ಯಾಕ್‌ಗಳಲ್ಲಿ ಸೆಲ್ ಕಳಚಿದೊಡನೆ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತದೆ. ಬೇರೆ ಬೇರೆ ವಯಸ್ಸಿನ ಸೆಲ್ ಬೆರೆಸಿದ ಪ್ಯಾಕ್ ಮನೆಯೊಳಗೆ ಇರಬಾರದ ವಸ್ತು.

ಟಚ್‌ಪ್ಯಾಡ್ ಕ್ಲಿಕ್ ಆಗದಷ್ಟು ಬಿಗಿಯಾಗಿದ್ದರೆ, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ತೂಗಾಡಿದರೆ, ತಳದ ಅಂಚು ಬಾಯಿಬಿಟ್ಟಿದ್ದರೆ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಬ್ಯಾಟರಿ ಊದಿಕೊಂಡಿದೆ. ಆಫ್ ಮಾಡಿ, ಚಾರ್ಜರ್ ತೆಗೆದಿಡಿ. ಒತ್ತಿ ಸರಿಮಾಡುವುದು, ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು ಬೆಂಕಿಗೆ ಆಹ್ವಾನ. ಅಂಟಿಸಿದ ಬ್ಯಾಟರಿಯನ್ನು ಲೋಹದ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಅನುಭವವಿಲ್ಲದಿದ್ದರೆ ಅಂಗಡಿಯವರಿಂದಲೇ ತೆಗೆಸಿ. ತೆಗೆದದ್ದರ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಹೊತ್ತಿ ಉರಿಯುವಂಥದ್ದೇನೂ ಇಲ್ಲದ ಕಡೆ ಇಟ್ಟು, ಬೇಗ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕಂಪನಿಯ ಸರ್ವಿಸ್ ಸೆಂಟರಿಗೋ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದು. ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಂಡರೆ ಸುಡುವುದು ಪೌರಕಾರ್ಮಿಕರ ಕೈ.

ಹೊಸ ಬ್ಯಾಟರಿ ಹಾಕಿದ ಮೇಲೆ, ದಿನವಿಡೀ ಚಾರ್ಜರಿನಲ್ಲೇ ಇರುವ ಮೆಷಿನ್ ಆದರೆ ಚಾರ್ಜಿನ ಮಿತಿಯನ್ನು ಶೇ. 80ಕ್ಕೆ, ಸಾಧ್ಯವಿದ್ದರೆ 60ಕ್ಕೆ ಇಡಿ. ತುಂಬಿದ ಸೆಲ್ ಬಿಸಿಯಲ್ಲಿ ಕೂತಷ್ಟೂ ಬೇಗ ಸವೆಯುತ್ತದೆ. ಲೆನೊವೊದಲ್ಲಿ ವ್ಯಾಂಟೇಜ್, ಆಸುಸ್‌ನಲ್ಲಿ ಮೈಆಸುಸ್ ಆ್ಯಪ್, ಡೆಲ್ ಮತ್ತು ಎಚ್‌ಪಿಯ ಅನೇಕ ಮಾದರಿಗಳಲ್ಲಿ ಬಯೋಸ್‌ನಲ್ಲೇ ಈ ಆಯ್ಕೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಥಿಂಕ್‌ಪ್ಯಾಡ್‌ಗಳಿಗೆ ಟಿಎಲ್‌ಪಿ ಎಂಬ ಪ್ರೋಗ್ರಾಂ ಇದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿಕೊಂಡರೆ ಸಾಕು.